ಸೋಮವಾರದ ಜಡೆ

ಯಾರಾದರೂ ನಕ್ಕರೆ ಸಾಕು, ಡಾಕ್ಟರಮ್ಮನ ತಲೆ ತಾನಾಗಿ ಎಡಕ್ಕೆ ವಾಲುತ್ತಿತ್ತು. ಕನ್ನಡಕ ಮೂಗಿನ ತುದಿಗೆ ಜಾರಿ, ಕಣ್ಣು ಎದುರಿನವರ ಬಾಯಿಯೊಳಗೇ ನೆಟ್ಟಿರುತ್ತಿತ್ತು. ಹೊಸಬರಿಗೆ ಮುಜುಗರ. ಹಲ್ಲಿಗೆ ಸೊಪ್ಪೇನಾದರೂ ಸಿಕ್ಕಿಕೊಂಡಿದೆಯೋ ಎಂದು ಬಾಯಲ್ಲೇ ನಾಲಿಗೆ ಆಡಿಸಿ ನೋಡಿಕೊಳ್ಳುತ್ತಿದ್ದರು. ಡಾಕ್ಟರಮ್ಮ ನೋಡುತ್ತಿದ್ದುದು ಹಲ್ಲನ್ನಲ್ಲ, ಒಸಡನ್ನು. ಹಲ್ಲಿನ ಬುಡದಲ್ಲಿ, ಒಸಡಿನ ಅಂಚಿಗೆ, ಇಂಕಿನಲ್ಲಿ ಎಳೆದಂಥ ಸಣ್ಣ ನೀಲಿ ಗೆರೆ ಕಂಡರೆ ಆ ಮೈಗೆ ಸೀಸ ಸೇರಿದೆ ಎಂದು ಅರ್ಥ.

ಬಾಯಿ ತೆರೆಯಿರಿ ಎಂದರೆ ಕಾರ್ಮಿಕರು ತೆರೆಯುತ್ತಿರಲಿಲ್ಲ. ನೀಲಿ ಗೆರೆ ಸಿಕ್ಕವನ ಕೆಲಸ ಹೋಗುತ್ತದೆ ಎಂಬ ಸುದ್ದಿ ಪೀಣ್ಯದ ಶೆಡ್ಡುಗಳಲ್ಲೆಲ್ಲ ಹಬ್ಬಿತ್ತು. ಅದಕ್ಕೇ ಡಾಕ್ಟರಮ್ಮ ನಗಿಸುತ್ತಿದ್ದರು. ಅವರ ಹತ್ತಿರ ಇದ್ದದ್ದು ಒಂದೇ ಒಂದು ಜೋಕು. ಮೆಜೆಸ್ಟಿಕ್ಕಿನಲ್ಲಿ ಒಬ್ಬ ಬಸ್ಸು ಹತ್ತಿದನಂತೆ. ಕಂಡಕ್ಟರು "ಮುಂದೆ ನಡೀರಿ, ಮುಂದೆ ನಡೀರಿ" ಎಂದು ದಾರಿಯುದ್ದಕ್ಕೂ ಅವನನ್ನು ತಳ್ಳಿದನಂತೆ. ಪೀಣ್ಯ ಬಂದಾಗ ಟಿಕೆಟ್ ಕೇಳಿದರೆ ಇವನು, "ಟಿಕೆಟ್ ಯಾಕ್ ಸಾರ್, ಮೆಜೆಸ್ಟಿಕ್ಕಿಂದ ನೀವು ನನ್ನ ನಡೆಸ್ಕೊಂಡೇ ಬಂದ್ರಲ್ಲ" ಎಂದನಂತೆ. ಈ ಜೋಕಿನ ಕೊನೆ ಮುಟ್ಟುವ ಮೊದಲೇ ಅವರಿಗೇ ನಗು ಉಕ್ಕಿಬಿಡುತ್ತಿತ್ತು. ಅವರು ನಗುವುದನ್ನು ನೋಡಿ ಎದುರಿನವರು ನಗುತ್ತಿದ್ದರು. ಅಷ್ಟರಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡ ಪೆನ್‌ಟಾರ್ಚು ಕೈಗೆ ಬಂದು, ಬೆಳಕು ಬಾಯಿಗೆ ಬಿದ್ದು, ಕೆಲಸ ಮುಗಿದುಹೋಗಿರುತ್ತಿತ್ತು. ನಾನು ಆ ಜೋಕನ್ನು ನೂರಾರು ಸಲ ಕೇಳಿದ್ದೇನೆ. ಮೊದಲ ಸಲವೂ ನನಗೆ ನಗು ಬಂದಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕಾರ್ಖಾನೆಗಳ ಗಾಳಿ, ಧೂಳು, ಹೊಗೆ ಅಲ್ಲಿ ದುಡಿಯುವವರ ಮೈಗೆ ಏನು ಮಾಡುತ್ತದೆ ಎಂದು ತಿಳಿಯಲು ನಗರದ ಒಂದು ಸಂಶೋಧನಾ ಕೇಂದ್ರ ಅವರನ್ನು ಪೀಣ್ಯಕ್ಕೆ ಕಳಿಸಿತ್ತು. ಎರಡು ಕೋಣೆಯ ಶೀಟಿನ ಮನೆಯೇ ಲ್ಯಾಬು. ಟಿ. ದಾಸರಹಳ್ಳಿಯ ನಮ್ಮ ಮನೆಯಿಂದ ನಡೆದರೆ ಇಪ್ಪತ್ತು ನಿಮಿಷ. ನಾನು ಆಗಷ್ಟೇ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿ, ಇಪ್ಪತ್ತೆರಡು ವರ್ಷಕ್ಕೆ ಇರಬೇಕಾದುದಕ್ಕಿಂತ ಹೆಚ್ಚು ಬಾಯಿ ಇಟ್ಟುಕೊಂಡು ಅವರ ಎದುರು ನಿಂತೆ. ಅವರು ಸರ್ಟಿಫಿಕೇಟು ನೋಡಲಿಲ್ಲ. ಒಂದು ಗಾಜಿನ ಬೀಕರು ಕೈಗೆ ಕೊಟ್ಟು, "ಇದನ್ನ ತೊಳಿ ನೋಡೋಣ" ಎಂದರು. ತೊಳೆದು ಕೊಟ್ಟೆ. ಬೆಳಕಿಗೆ ಹಿಡಿದು ನೋಡಿ, "ಇನ್ನೊಂದ್ಸಲ" ಎಂದರು. ನಾಲ್ಕನೆಯ ಸಲ ತೊಳೆದ ಮೇಲೆ ಕೆಲಸ ಕೊಟ್ಟರು. ಸೀಸ ಅಳೆಯುವವಳ ಗಾಜಿನಲ್ಲೇ ಸೀಸ ಇದ್ದರೆ ಊರಿಗೆಲ್ಲ ರೋಗ ಬಂದ ಹಾಗೆ ಕಾಣುತ್ತದೆ ಎಂಬುದು ಆಮೇಲೆ ತಿಳಿಯಿತು.

ಆ ಲ್ಯಾಬು ಈಗಲೂ ಅರೆನಿದ್ದೆಯಲ್ಲಿ ನನ್ನ ಕಣ್ಣಿಗೆ ಕಟ್ಟುತ್ತದೆ. ಕಿಟಕಿಯಾಚೆ ನೀಲಗಿರಿ ತೋಪು, ಎಲೆಗಳ ನೆರಳು ಮೇಜಿನ ಮೇಲೆ ಈಜುತ್ತಿತ್ತು. ದೂರದಲ್ಲಿ ಯಾವುದೋ ಕಾರ್ಖಾನೆಯ ಲೇತ್ ಗುಂಯ್ಗುಡುತ್ತಿತ್ತು. ರಕ್ತವನ್ನು ಆಮ್ಲದಲ್ಲಿ ಕುದಿಸಿ, ತಿಳಿ ಮಾಡಿ, ಅದಕ್ಕೆ ಒಂದು ಹಸಿರು ದ್ರವ ಬೆರೆಸಿ ಕುಲುಕುತ್ತಿದ್ದೆ. ಸೀಸ ಇಲ್ಲದಿದ್ದರೆ ಹಸಿರು ಹಸಿರಾಗಿಯೇ ಉಳಿಯುತ್ತಿತ್ತು. ಇದ್ದರೆ ಮೆಲ್ಲಗೆ ಕೆಂಪೇರುತ್ತಿತ್ತು. ಸ್ವಲ್ಪ ಇದ್ದರೆ ನಸುಗೆಂಪು, ಜಾಸ್ತಿ ಇದ್ದರೆ ದಾಸವಾಳದ ಕೆಂಪು. ಹಸಿರಿನಿಂದ ಕೆಂಪಿಗೆ ತಿರುಗುವ ಆ ಗಳಿಗೆಯನ್ನು ನೋಡುತ್ತ ನಾನು ಎಷ್ಟೋ ಸಲ ಉಸಿರಾಡುವುದನ್ನೇ ಮರೆತಿದ್ದೆ.

ರಕ್ತದ ಟ್ಯೂಬಿನ ಮೇಲೆ ಹೆಸರು ಬರೆಯಬಾರದು ಎಂಬುದು ಅವರ ಕಟ್ಟಳೆ. ನಂಬರು ಮಾತ್ರ. ಯಾವ ನಂಬರು ಯಾರದು ಎಂಬ ಪುಸ್ತಕ ಅವರ ಕ್ಯಾನ್ವಾಸ್ ಚೀಲದಲ್ಲಿ ಇರುತ್ತಿತ್ತು. "ಹೆಸರು ಗೊತ್ತಾದ್ರೆ ಕೈ ನಡುಗುತ್ತೆ ಕಣೆ. ಕೈ ನಡುಗಿದ್ರೆ ಲೆಕ್ಕ ತಪ್ಪುತ್ತೆ" ಎನ್ನುತ್ತಿದ್ದರು. ಶೆಡ್ಡುಗಳಿಂದ ಟ್ಯೂಬುಗಳನ್ನು ತರುತ್ತಿದ್ದುದು ಅಲ್ಯೂಮಿನಿಯಂ ಟಿಫಿನ್ ಕ್ಯಾರಿಯರಿನಲ್ಲಿ, ಐಸ್‌ಕ್ಯಾಂಡಿ ಗಾಡಿಯವನ ಹತ್ತಿರ ಇಸಿದುಕೊಂಡ ಐಸಿನ ನಡುವೆ. ಬಸ್ಸಿನಲ್ಲಿ ಪಕ್ಕದವರು "ಏನ್ ಊಟ ಮೇಡಂ ಇವತ್ತು?" ಎಂದರೆ ಮುಖ ಸಪ್ಪಗೆ ಮಾಡಿಕೊಂಡು "ಸಾರು" ಎನ್ನುತ್ತಿದ್ದರು.

ಈಗ ನನ್ನ ಅಣ್ಣನ ವಿಷಯ ಹೇಳಬೇಕು. ಅಪ್ಪ ಸರ್ಕಾರಿ ಸ್ವಾಮ್ಯದ ದೊಡ್ಡ ಕಾರ್ಖಾನೆಯಲ್ಲಿದ್ದವರು. ನನಗೆ ಎಂಟು ವರ್ಷ, ಅಣ್ಣನಿಗೆ ಹದಿನಾಲ್ಕು ಇದ್ದಾಗ ತೀರಿಕೊಂಡರು. ಅದೇ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಮ್ಮನಿಗೆ ಕೆಲಸ ಸಿಕ್ಕಿತು. ಮೊದಲ ಪಾಳಿ, ಐದೂವರೆಗೆ ಬಸ್ಸು. ಹೀಗಾಗಿ ನನ್ನ ಜಡೆ ಅಣ್ಣನ ಪಾಲಿಗೆ ಬಂತು. ಶುರುವಿನಲ್ಲಿ ಹಗ್ಗ ಹೊಸೆದಂತೆ ಹೊಸೆದು ನನ್ನನ್ನು ಅಳಿಸಿದ. ಒಂದು ವರ್ಷದಲ್ಲಿ ಮೂರೆಳೆ, ನಾಲ್ಕೆಳೆ ಎಲ್ಲ ಕಲಿತ. ಶಾಲೆಯಲ್ಲಿ ಹುಡುಗಿಯರು ನಿಮ್ಮಮ್ಮ ಎಷ್ಟು ಚೆನ್ನಾಗಿ ಜಡೆ ಹಾಕುತ್ತಾರೆ ಎಂದರೆ ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ. ನಾನು ಕೆಲಸಕ್ಕೆ ಸೇರಿದ ಮೇಲೂ ಆ ರೂಢಿ ಹೋಗಲಿಲ್ಲ. ಬೆಳಗ್ಗೆ ಹೊಸ್ತಿಲ ಮೇಲೆ ನಾನು, ಹಿಂದೆ ಮಣೆಯ ಮೇಲೆ ಅಣ್ಣ. "ಮದ್ವೆ ವಯಸ್ಸಿನ ತಂಗಿಗೆ ಅಣ್ಣ ಜಡೆ ಹಾಕೋದು ಎಲ್ಲಾದ್ರೂ ಉಂಟಾ" ಎಂದು ಎದುರು ಮನೆಯವರು ನಗುತ್ತಿದ್ದರು. ಅವರು ನಗಲಿ. ದಿನದಲ್ಲಿ ನಾವಿಬ್ಬರು ಜಗಳವಾಡದೆ ಕೂರುತ್ತಿದ್ದುದು ಅದೊಂದೇ ಹೊತ್ತು.

ಅಣ್ಣ ಕೆಲಸಕ್ಕಿದ್ದುದು ಹಳೆಯ ಲಾರಿ ಬ್ಯಾಟರಿಗಳನ್ನು ಒಡೆದು, ಸೀಸ ಕರಗಿಸಿ, ಹೊಸ ಪ್ಲೇಟು ಎರೆಯುವ ಶೆಡ್ಡಿನಲ್ಲಿ. ಆ ವರ್ಷ ಅವನಿಗೆ ಆಗಾಗ ಹೊಟ್ಟೆ ಹಿಂಡಿದಂತೆ ನೋವು ಬರುತ್ತಿತ್ತು. ಗ್ಯಾಸು ಎಂದ ಒಬ್ಬ ಡಾಕ್ಟರು. ಹುಣ್ಣು ಎಂದ ಇನ್ನೊಬ್ಬ. ದೃಷ್ಟಿ ಎಂದು ಅಮ್ಮ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನನ್ನ ಜಡೆ ಮಧ್ಯಾಹ್ನದ ಹೊತ್ತಿಗೆ ಬಿಚ್ಚಿಕೊಳ್ಳತೊಡಗಿತು. "ಸೋಮಾರಿ ಆಗಿದ್ದೀಯ. ನನ್ನ ಮೇಲೆ ಲಕ್ಷ್ಯ ಇಲ್ಲ ನಿಂಗೆ" ಎಂದು ನಾನು ರೇಗಿದೆ. ಅವನ ಶೆಡ್ಡಿನವರ ರಕ್ತ ನಮ್ಮ ಲ್ಯಾಬಿಗೆ ಬಂದಿದೆ ಎಂದು ಗೊತ್ತಿತ್ತು. ಯಾವ ಟ್ಯೂಬು ಅವನದು ಎಂದು ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಹದಿನೇಳನೆಯ ನಂಬರು ಕುಲುಕಿದೆ. ಅಂಥ ಕೆಂಪನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಿಟಕಿಯ ಬಿಸಿಲಿಗೆ ಹಿಡಿದರೆ ಮೇಜಿನ ಮೇಲೆಲ್ಲ ಅದರ ಬಣ್ಣ ಬಿತ್ತು, ನನ್ನ ಬಿಳಿ ಕೋಟಿನ ಮೇಲೂ ಬಿತ್ತು. "ಮೇಡಂ, ಬನ್ನಿ ನೋಡಿ, ಎಷ್ಟು ಚೆನ್ನಾಗಿದೆ!" ಎಂದು ಕೂಗಿದೆ. ಅವರು ಬಂದು ನೋಡಿದರು, ಪುಸ್ತಕ ತೆರೆದರು, ಮುಚ್ಚಿದರು. ಆಮೇಲೆ ನನ್ನ ಹಿಂದೆ ಬಂದು ನಿಂತು, ಬಿಚ್ಚಿಹೋಗಿದ್ದ ಜಡೆಯನ್ನು ಕೈಗೆ ತೆಗೆದುಕೊಂಡು, "ಇದನ್ನ ಯಾರು ಹಾಕಿದ್ದು?" ಎಂದರು.

"ನಮ್ಮಣ್ಣ ಮೇಡಂ. ಈಚೆಗೆ ಸರಿಯಾಗಿ ಹಾಕಲ್ಲ ಅವನು."

"ನಾಳೆ ಅವರನ್ನ ಕರ್ಕೊಂಡು ಬಾ."

ಆಗ ನನಗೆ ತಿಳಿಯಿತು. ಚೆನ್ನಾಗಿದೆ ಎಂದಿದ್ದ ನನ್ನ ನಾಲಿಗೆಯನ್ನು ಕಚ್ಚಿ ತುಂಡು ಮಾಡಬೇಕೆನಿಸಿತು. ನಾನು ಅತ್ತೆ. ಅವರು ಅಳಬೇಡ ಎನ್ನಲಿಲ್ಲ. ಟ್ಯೂಬನ್ನು ನನ್ನ ಕೈಯಿಂದ ಬಿಡಿಸಿ ಸ್ಟ್ಯಾಂಡಿನಲ್ಲಿಟ್ಟು, ಉಳಿದ ನಂಬರುಗಳನ್ನು ಆ ದಿನ ತಾವೇ ಮಾಡಿದರು.

ಮಾರನೆಯ ದಿನ ಅಣ್ಣ ಬಂದ. ಎರಡೂ ಕೈ ಮುಂದೆ ಚಾಚಿ, ಅಂಗೈ ಕೆಳಗೆ ಮಾಡಿ, ಬೆರಳುಗಳನ್ನು ಮೇಲಕ್ಕೆ ಎತ್ತಲು ಹೇಳಿದರು. ಎಡಗೈ ಎದ್ದಿತು. ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿತ್ತು, ಒದ್ದೆ ಬಟ್ಟೆ ಇಳಿಬಿಟ್ಟ ಹಾಗೆ. ಅವನು ನಾಚಿಕೊಂಡು ಎಡಗೈಯಿಂದ ಅದನ್ನು ಎತ್ತಿ ಹಿಡಿದ. ತಿಂಗಳುಗಟ್ಟಲೆ ಆ ಕೈಯಲ್ಲೇ ನನ್ನ ಕೂದಲು ಹಿಡಿದು ಒದ್ದಾಡಿದ್ದಾನೆ, ನನಗೆ ಹೇಳಿಲ್ಲ.

ನಗರದ ಆಸ್ಪತ್ರೆಯಲ್ಲಿ ಐದು ದಿನ ಡ್ರಿಪ್ಪು ಹಾಕಿದರು. ಮೈಯೊಳಗಿನ ಸೀಸವನ್ನು ಅಂಟಿಸಿಕೊಂಡು ಮೂತ್ರದ ದಾರಿಯಲ್ಲಿ ಹೊರಗೆ ತರುವ ಔಷಧಿ ಅದು. ಅವನ ಮೂತ್ರವನ್ನು ನಾನೇ ಪರೀಕ್ಷೆ ಮಾಡಿದೆ. ಕೆಂಪು ಕಂಡು ಹೆದರಿದಾಗ ಡಾಕ್ಟರಮ್ಮ, "ಪೆದ್ದಿ, ಇದು ಹೊರಗೆ ಬಂದಿರೋ ಕೆಂಪು. ಇದಕ್ಕೆ ಸಂತೋಷಪಡಬೇಕು" ಎಂದು ಬೆನ್ನಿಗೆ ಗುದ್ದಿದರು. ಆಮೇಲೆ ಶೆಡ್ಡಿನ ಮಾಲೀಕರ ಹತ್ತಿರ ಮಾತಾಡಿ ಕುಲುಮೆಯ ಮೇಲೆ ಹೊಗೆ ಎಳೆಯುವ ಫ್ಯಾನು ಹಾಕಿಸಿದರು. ಅಣ್ಣನನ್ನು ಕುಲುಮೆಯಿಂದ ಗೇಟಿನ ಪಕ್ಕದ ಸ್ಟೋರಿಗೆ ಬದಲಾಯಿಸಲಾಯಿತು. ಹಗುರ ಕೆಲಸ, ಹೊಗೆ ಇಲ್ಲ. ಬಲಗೈಗೆ ಮರದ ಪಟ್ಟಿ ಕಟ್ಟಿ, "ಎರಡು ತಿಂಗಳಲ್ಲಿ ಈ ಕೈ ಎದ್ದೇಳುತ್ತೆ, ನೋಡ್ತಿರಿ" ಎಂದು ಅಮ್ಮನಿಗೆ ಮಾತು ಕೊಟ್ಟರು.

ಕೈ ಏಳಲಿಲ್ಲ. ಎರಡು ತಿಂಗಳಿಗೆ ಮತ್ತೆ ರಕ್ತ ತೆಗೆದರೆ ಮತ್ತೆ ಕೆಂಪು. ಕುಲುಮೆಯ ಮುಂದೆ ನಿಲ್ಲುವವನದು ನಸುಗೆಂಪು, ಸ್ಟೋರಿನಲ್ಲಿ ಕೂತ ನನ್ನ ಅಣ್ಣನದು ದಾಸವಾಳ. ಡಾಕ್ಟರಮ್ಮ ನಾಲ್ಕು ಸಲ ಗಾಜು ತೊಳೆಸಿ ಮತ್ತೆ ಮಾಡಿಸಿದರು. ಬಣ್ಣ ಬದಲಾಗಲಿಲ್ಲ. ಅಂದು ಅವರು ಅಣ್ಣನ ಎದುರು ಕುಳಿತು ಆಡಿದ ಮಾತು ನನಗೆ ನೆನಪಿದೆ. "ತಪ್ಪು ನಂದು. ಎಲ್ಲಿಂದ ಬರ್ತಿದೆ ಅಂತ ಗೊತ್ತಿಲ್ಲದೆ ನಿಮ್ಮನ್ನ ವಾಪಸ್ ಕಳಿಸಿದೆ. ಮತ್ತೆ ಔಷಧಿ ಕೊಡಬಹುದು. ಆದ್ರೆ ಅದು ಸೋರೋ ಸೂರಿನ ಕೆಳಗೆ ನೆಲ ಒರೆಸಿದ ಹಾಗೆ. ಹೀಗೇ ಏರ್ತಾ ಹೋದ್ರೆ ಈ ಕೈಯ ನರ ಮತ್ತೆ ಏಳಲ್ಲ."

"ಕೆಲ್ಸ ಬಿಡ್ಲಾ ಮೇಡಂ?" ಎಂದ ಅಣ್ಣ.

"ನೀವು ಬಿಟ್ರೆ ಆ ಜಾಗಕ್ಕೆ ಇನ್ನೊಬ್ಬ ಬರ್ತಾನೆ. ಅವನ ಕೈ ಬೀಳುತ್ತೆ. ರಜಾ ಹಾಕಿ ಮನೇಲಿರಿ, ನಾಲ್ಕು ದಿನ ನನಗೆ ಕೊಡಿ. ದಿನಾ ಮಧ್ಯಾಹ್ನ ಮಾತ್ರ ಅಲ್ಲಿಗೆ ಬಂದು, ಏನೇನು ಮಾಡ್ತಿದ್ರೋ ಹಾಗೇ ಮಾಡಿ ತೋರಿಸಿ. ಏನನ್ನೂ ಬಾಯಿಗೆ ಹಾಕ್ಕೋಬೇಡಿ, ಅಷ್ಟೇ."

ಆ ನಾಲ್ಕು ಮಧ್ಯಾಹ್ನಗಳು ನನ್ನ ನೆನಪಿನಲ್ಲಿ ಕನಸಿನ ಹಾಗೆಯೇ ಉಳಿದಿವೆ. ಶೆಡ್ಡಿನ ಒಂದು ಮೂಲೆಯಲ್ಲಿ ಬೋರಲು ಹಾಕಿದ ಮರದ ಪೆಟ್ಟಿಗೆಯ ಮೇಲೆ ಅವರು ಕುಳಿತರು, ಪಕ್ಕದಲ್ಲಿ ನಾನು. ಮೂಗಿಗೆ ಒದ್ದೆ ಬಟ್ಟೆ. ಬರೆಯಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ಚಾವಣಿಯ ಶೀಟಿನ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಇಳಿಯುತ್ತಿತ್ತು. ಆ ಕೋಲುಗಳೊಳಗೆ ಬೂದು ಧೂಳು ಮಿನುಗುತ್ತ, ಮೇಲಕ್ಕೂ ಹೋಗದೆ ಕೆಳಕ್ಕೂ ಬೀಳದೆ ತೇಲುತ್ತಿತ್ತು. ಕರಗಿದ ಸೀಸದ ಮೇಲೆ ಕಾಮನಬಿಲ್ಲಿನ ಬಣ್ಣಗಳು ಓಡಿಯಾಡುತ್ತಿದ್ದವು. ನಾಲ್ಕು ಜನರ ಕೈ ಹಾಳುಮಾಡುವ ವಸ್ತು ಇಷ್ಟು ಚೆಂದ ಇರಬಾರದಿತ್ತು ಎಂದು ನನಗೆ ಕೋಪ ಬಂತು. ಎರಡನೆಯ ದಿನ ನಾನು ಕೂತಲ್ಲೇ ತೂಕಡಿಸಿದೆ. ಕಣ್ಣು ತೆರೆದಾಗ ಅವರು ಅದೇ ಭಂಗಿಯಲ್ಲಿದ್ದರು. "ಏನ್ ನೋಡ್ತಿದ್ದೀರಾ ಮೇಡಂ?" ಎಂದರೆ, "ಕೈ" ಎಂದರು. "ಇಷ್ಟು ದಿನ ಹೊಗೆ ನೋಡಿದೆ. ಈಗ ಕೈ ಎಲ್ಲೆಲ್ಲಿಗೆ ಹೋಗುತ್ತೆ ನೋಡ್ತಿದ್ದೀನಿ."

ಮಾಲೀಕರು ಕೆಟ್ಟವರಲ್ಲ. ನಡುನಡುವೆ ಬಂದು ಕೈ ಹೊಸಕಿಕೊಂಡು ನಿಲ್ಲುತ್ತಿದ್ದರು. "ನಮ್ಮ ಕಡೆಯಿಂದ ಏನೂ ಕಮ್ಮಿ ಮಾಡಿಲ್ಲ ಮೇಡಂ. ಧೂಳಿನ ಕೆಲ್ಸ ಅಂತ ದಿನಾ ಬೆಲ್ಲ ಕೊಡ್ತೀವಿ" ಎಂದರು ಮೂರನೆಯ ದಿನ. ಧೂಳಿನಲ್ಲಿ ದುಡಿಯುವವರಿಗೆ ಬೆಲ್ಲ ಕೊಡುವುದು ಆ ಕಾಲದ ಎಲ್ಲ ಶೆಡ್ಡುಗಳಲ್ಲೂ ಇದ್ದ ಪದ್ಧತಿ. ಬೆಲ್ಲ ಗಂಟಲಿನ ಧೂಳನ್ನು ಕೆಳಗಿಳಿಸುತ್ತದೆ ಎಂದು ಎಲ್ಲರೂ ನಂಬಿದ್ದೆವು. ನಾನೂ ನಂಬಿದ್ದೆ, ಸರ್ಟಿಫಿಕೇಟು ಇಟ್ಟುಕೊಂಡು.

ಮೊದಲ ಮೂರು ದಿನ ಪಾಳಿ ಬಿಡುವ ಮೊದಲೇ ಲ್ಯಾಬಿಗೆ ಹೊರಟಿದ್ದೆವು. ನಾಲ್ಕನೆಯ ದಿನ, ಮೂರು ಗಂಟೆಗೆ ಪಾಳಿ ಬಿಡುವ ಗಂಟೆ ಹೊಡೆಯುವವರೆಗೂ ಕೂತೆವು. ಅಣ್ಣ ಸ್ಟೋರಿನ ಹಲಗೆಯ ಕೆಳಗಿಂದ ಗೋಣಿ ಎಳೆದ. ಒಳಗೆ ದೊಡ್ಡ ಬೆಲ್ಲದುಂಡೆ. ಹಲಗೆಯ ಮೇಲೆ ಒಣಗಲು ಇಟ್ಟ ಪ್ಲೇಟುಗಳಿಂದ ಬೂದು ಪುಡಿ ಆ ಗೋಣಿಯ ಮೇಲೆ ಸದ್ದಿಲ್ಲದೆ ಉದುರುತ್ತಿತ್ತು. ಅವನು ಎಡಗೈಯಲ್ಲಿ ಕಬ್ಬಿಣದ ತುಂಡು ಹಿಡಿದು ಕುಟ್ಟಿ, ಚೂರು ಮಾಡಿ, ಸಾಲಾಗಿ ಬಂದವರ ಬೂದು ಅಂಗೈಗಳಿಗೆ ಹಾಕಿದ. ಅವರು ತಿಂದರು, ಬೆರಳು ನೆಕ್ಕಿದರು. ಕುಲುಮೆಯವನಿಗೆ ಸಿಹಿ ಸೇರುತ್ತಿರಲಿಲ್ಲವಂತೆ, ಅವನು ಬೇಡ ಎಂದು ಹೊರಟುಹೋದ. ಕೊನೆಗೆ ಉಳಿದ ಪುಡಿಯನ್ನು ಅಣ್ಣ ದಿನದ ರೂಢಿಯಂತೆ ಬೆರಳಿಗೆ ಅಂಟಿಸಿಕೊಂಡ. "ಇದು ನನ್ನ ಪಾಲು ಮೇಡಂ. ಒಂದಕ್ಕೆ ಎರಡು ಪಾಲು ತಿನ್ನು ಅಂತ ಅಮ್ಮ ಹೇಳಿದ್ರಿಂದ ಇದನ್ನೆಲ್ಲ ನಾನೇ ತಿಂತಿದ್ದೆ" ಎಂದು ನಕ್ಕು ತೋರಿಸಿದ.

ಡಾಕ್ಟರಮ್ಮನ ತಲೆ ಎಡಕ್ಕೆ ವಾಲಿತು. ಆ ಸಲ ಅವರು ಅವನ ಒಸಡನ್ನು ನೋಡುತ್ತಿರಲಿಲ್ಲ.

ಒಂದು ಚೂರು ಬೆಲ್ಲವನ್ನು ಕಾಗದದಲ್ಲಿ ಸುತ್ತಿಸಿಕೊಂಡು ಎದ್ದರು. ಲ್ಯಾಬಿಗೆ ಬಂದು, "ಇದಕ್ಕೊಂದು ನಂಬರು ಹಾಕು. ನಿಮ್ಮನೆ ಡಬ್ಬಿಯಿಂದಲೂ ಒಂದು ಚೂರು ತಾ, ಅದಕ್ಕೊಂದು ನಂಬರು" ಎಂದರು. ಎರಡನ್ನೂ ಕುದಿಸಿ, ತಿಳಿ ಮಾಡಿ, ಹಸಿರು ಬೆರೆಸಿ ಕುಲುಕಿದೆ. ಮನೆಯ ಬೆಲ್ಲದ್ದು ಹಸಿರಾಗಿ ಉಳಿಯಿತು. ಶೆಡ್ಡಿನ ಬೆಲ್ಲದ್ದು ನೋಡುತ್ತ ನೋಡುತ್ತ ಕೆಂಪಾಯಿತು. ಹದಿನೇಳರದೇ ಕೆಂಪು.

"ಅಮ್ಮನಿಗೆ ನಾನು ಹೇಳಲ್ಲ ಮೇಡಂ. ನನ್ನ ಕೈಲಾಗಲ್ಲ" ಎಂದೆ.

"ನೀನು ಹೇಳಬೇಡ. ನಾನು ಬರ್ತೀನಿ."

ಭಾನುವಾರ ಬೆಳಗ್ಗೆ ಬಂದರು. ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಅಮ್ಮ ತಟ್ಟೆಯಲ್ಲಿ ಬೆಲ್ಲದಚ್ಚು, ಚೊಂಬಿನಲ್ಲಿ ನೀರು ತಂದಿಟ್ಟಳು. ನಾನು ಗೋಡೆಗೆ ಒರಗಿ ಉಗುರು ಕಚ್ಚುತ್ತಿದ್ದೆ. ಡಾಕ್ಟರಮ್ಮ "ಕೈ ತೊಳ್ಕೊಂಡು ಬರ್ತೀನಿ" ಎಂದು ಹಿತ್ತಲಿಗೆ ಹೋದರು. ಸೋಪು ಹಚ್ಚಿ, ಉಗುರಿನ ಸಂದು ತಿಕ್ಕಿ, ಮೊಣಕೈವರೆಗೆ ತೊಳೆಯುತ್ತಲೇ ಇದ್ದರು. ಅಮ್ಮ ನೋಡುತ್ತಲೇ ಇದ್ದಳು. ಬಂದು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು, ಬೆಲ್ಲವನ್ನು ಪೂರ್ತಿ ತಿಂದು, ನೀರು ಕುಡಿದು, ಆಮೇಲೆ ಎಲ್ಲವನ್ನೂ ಹೇಳಿದರು.

ಅಮ್ಮ ಖಾಲಿ ತಟ್ಟೆ ನೋಡಿದಳು. "ಅಂಗಂದ್ರೆ ನಾನೇ ನನ್ ಮಗುಂಗೆ ಇಸ ಇಕ್ಕಿದ್ನಾ?" ಎಂದಳು.

"ಇಲ್ಲಮ್ಮ. ನಿಮ್ಮ ಬೆಲ್ಲ ಪರೀಕ್ಷೆ ಮಾಡಿದ್ದೀನಿ, ಅದರಲ್ಲಿ ಏನೂ ಇಲ್ಲ. ಈಗ ನಾನೇ ತಿಂದೆನಲ್ಲ. ಇಟ್ಟ ಜಾಗ ಸರಿಯಿಲ್ಲ, ತಿಂದ ಕೈ ಸರಿಯಿಲ್ಲ."

"ಎಲ್ಡು ಪಾಲು ತಿನ್ನು ಅಂತ ಯೋಳ್ದೋಳು ನಾನೇ ಅಲ್ವಾ ತಾಯಿ."

ಅಮ್ಮನ ಕಣ್ಣಲ್ಲಿ ನೀರು ತುಂಬಿತು. ಡಾಕ್ಟರಮ್ಮ ತುಸು ಹತ್ತಿರ ಸರಿದು ಕುಳಿತರು. "ನನ್ನ ಹತ್ರ ಇಷ್ಟು ದೊಡ್ಡ ಪುಸ್ತಕಗಳಿವೆ, ಮೈಕ್ರೋಸ್ಕೋಪ್ ಇದೆ. ನಂಗೇ ಗೊತ್ತಾಗ್ಲಿಲ್ಲ. ನಿಮಗೆ ಹ್ಯಾಗೆ ಗೊತ್ತಾಗ್ಬೇಕು? ಅಳೋದು ಆಮೇಲೆ ಇರಲಿ, ನನಗೆ ನಿಮ್ಮಿಂದ ಒಂದು ಸಹಾಯ ಬೇಕು" ಎಂದರು. "ಬೆಲ್ಲ ನಿಲ್ಲಿಸಿ ಅಂತ ನಾನು ಹೇಳಿದ್ರೆ ಶೆಡ್ಡಲ್ಲಿ ಯಾರೂ ಕೇಳಲ್ಲ, ಕದ್ದು ತಿಂತಾರೆ. ನಿಲ್ಲಿಸೋದು ಬೇಡ. ನಿಮಗೆ ಎರಡು ಗಂಟೆಗೆ ಪಾಳಿ ಬಿಡುತ್ತಲ್ಲ. ನೀವು ಗೇಟಿನ ಆಚೆ ನಿಂತು ಬೆಲ್ಲ ಕೊಡಿ. ಸೋಪು ಹಾಕಿ ಕೈ ತೊಳೆದವರಿಗೆ ಮಾತ್ರ. ನಿಮ್ಮ ಮಾತು ಮೀರೋ ಧೈರ್ಯ ಯಾರಿಗಿದೆ?"

ನಮ್ಮಮ್ಮನ ಮಾತು ಮೀರುವ ಧೈರ್ಯ ನಿಜಕ್ಕೂ ಯಾರಿಗೂ ಇರಲಿಲ್ಲ. ಮಾಲೀಕರು ಗೊಣಗುತ್ತಲೇ ಗೇಟಿನ ಬಳಿ ನಲ್ಲಿ ಹಾಕಿಸಿದರು, ಬಟ್ಟೆ ಬದಲಾಯಿಸಲು ತಡಿಕೆಯ ಮರೆ ಕಟ್ಟಿಸಿದರು. ಅಮ್ಮ ಮುಚ್ಚಳದ ಡಬ್ಬಿ ಹಿಡಿದು ನಿಲ್ಲುತ್ತಿದ್ದಳು. ಗಡ್ಡ ಮೀಸೆಯ ಗಂಡಸರು ಶಾಲೆಯ ಹುಡುಗರಂತೆ ಕೈ ಚಾಚಿ, ಮಗುಚಿ ತೋರಿಸಬೇಕಿತ್ತು. "ಉಗುರು ನೋಡು, ಎಂಗೈತೆ. ಓಗಿ ತಿರ್ಗಾ ತೊಳ್ಕೊಂಡ್ ಬಾ" ಎಂದು ಅಟ್ಟುತ್ತಿದ್ದಳು. "ಅಮ್ಮೋ, ಬಸ್ಸು ಹೋಗ್ಬಿಡ್ತದೆ" ಎಂದರೆ, "ಓಗ್ಲಿ, ಇನ್ನೊಂದ್ ಬತ್ತದೆ. ಕೈ ಓದ್ರೆ ಇನ್ನೊಂದ್ ಬತ್ತದಾ?" ಖಾಲಿ ಹೊಟ್ಟೆಗೆ ಸೀಸ ಬೇಗ ಹತ್ತುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದನ್ನು ತನ್ನದೇ ಸಂಶೋಧನೆಯಂತೆ ಸಾರುತ್ತ, ಬೆಳಗ್ಗೆ ಮುದ್ದೆ ಉಂಡು ಬಂದೆಯಾ ಎಂದೂ ವಿಚಾರಿಸುತ್ತಿದ್ದಳು. ಕೆಲವು ತಿಂಗಳಲ್ಲಿ ಆ ಶೆಡ್ಡಿನ ಟ್ಯೂಬುಗಳು ಒಂದೊಂದಾಗಿ ಹಸಿರಿನ ಕಡೆಗೆ ತಿರುಗಿದವು.

ಅಣ್ಣನಿಗೆ ಮತ್ತೊಮ್ಮೆ ಐದು ದಿನದ ಔಷಧಿ ಆಯಿತು, ಆಮೇಲೆ ಮಾತ್ರೆ. ಕೈ ಮಾತ್ರ ಹಾಗೇ ಇತ್ತು. ವ್ಯಾಯಾಮ ಮಾಡು ಎಂದರೆ ಅವನಿಗೆ ಬೇಸರ. ರಬ್ಬರ್ ಚೆಂಡು ಕೊಟ್ಟರೆ ಎದುರು ಮನೆಯ ಮಗುವಿಗೆ ಕೊಟ್ಟುಬಿಟ್ಟ. ಆಗ ಡಾಕ್ಟರಮ್ಮ ನನ್ನನ್ನು ಕರೆದು, "ಸೋಮವಾರ ಸೋಮವಾರ ನಿನ್ನ ಜಡೆ ಅವರೇ ಹಾಕಲಿ. ಬಲಗೈಯಲ್ಲೇ. ಎಷ್ಟು ಹೊತ್ತಾದ್ರೂ ಸರಿ, ಲ್ಯಾಬಿಗೆ ತಡವಾದ್ರೂ ಸರಿ" ಎಂದು ಆಜ್ಞೆ ಮಾಡಿದರು.

ಮೊದಲ ಸೋಮವಾರ ಒಂದು ಗಂಟೆ ಹಿಡಿಯಿತು. ಬೆನ್ನ ಹಿಂದೆ ಅವನ ಉಸಿರು ಕೇಳಿಸುತ್ತಿತ್ತು, ಬೆರಳಿನಿಂದ ಕೂದಲು ಜಾರುವುದು ತಿಳಿಯುತ್ತಿತ್ತು. ಹಿಂತಿರುಗಿ ನೋಡಬಾರದು ಎಂದು ನಾನು ಎದುರಿನ ತೆಂಗಿನ ಗರಿಗಳನ್ನು ಎಣಿಸಿದೆ. ಹಕ್ಕಿಗೂಡಿನಂಥ ಜಡೆ ಹೊತ್ತು, ಬೀದಿಯಲ್ಲಿ ನಕ್ಕವರನ್ನೆಲ್ಲ ದುರುಗುಟ್ಟಿ ನೋಡುತ್ತ ಲ್ಯಾಬಿಗೆ ಹೋದೆ. ಡಾಕ್ಟರಮ್ಮ ಬಾಗಿಲಲ್ಲೇ ನಿಂತಿದ್ದರು. ಜಡೆಯನ್ನು ಕೈಗೆ ತೆಗೆದುಕೊಂಡು, ಮೇಲಿನಿಂದ ಕೆಳಗೆ ಒಂದೊಂದೇ ಹೆಣಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಪುಸ್ತಕದಲ್ಲಿ ಹದಿನೇಳರ ಮುಂದೆ 'ಸಡಿಲ' ಎಂದು ಬರೆದರು. ಅದರ ಮುಂದಿನ ಸೋಮವಾರವೂ ಸಡಿಲ. ಅದರ ಮುಂದಿನದೂ. ಮಳೆಗಾಲ ಕಳೆದು ಅವರೆಕಾಯಿ ಬಂತು. ಒಂದು ಸೋಮವಾರ ಹೊಸ್ತಿಲ ಮೇಲೆ ಕುಳಿತಿದ್ದಾಗ ನೆತ್ತಿಯ ಚರ್ಮ ಸುರ್ರೆಂದು ಎಳೆಯಿತು. "ಅಯ್ಯೋ, ನೋವಾಗುತ್ತೆ ಕಣೋ!" ಎಂದು ಕಿರುಚಿದೆ. ತಿರುಗಿದರೆ ಅಣ್ಣ ತನ್ನ ಬಲಗೈಯನ್ನು ನೋಡುತ್ತ ಕುಳಿತಿದ್ದ. ನೇರವಾಗಿ ನಿಂತ ಮಣಿಕಟ್ಟು, ಬಿಗಿದ ಬೆರಳು. ನಾವಿಬ್ಬರೂ ಹುಚ್ಚರ ಹಾಗೆ ನಕ್ಕೆವು.

ಅಂದು ಡಾಕ್ಟರಮ್ಮ ಹೆಬ್ಬೆರಳಿನಿಂದ ಒತ್ತಿ, ಇನ್ನೊಮ್ಮೆ ಒತ್ತಿ, "ಬಿಗಿ ಇದೆ" ಎಂದರು. ಆಮೇಲೆ, "ಇನ್ನು ಔಷಧಿ ನಿಲ್ಲಿಸಬಹುದು" ಎಂದು ಪುಸ್ತಕ ತೆರೆದವರು ಬರೆಯದೆ ಕಿಟಕಿಯ ಕಡೆ ತಿರುಗಿ ನಿಂತರು. ಹೆಸರು ಗೊತ್ತಾದರೆ ಕೈ ನಡುಗುತ್ತದೆ ಎನ್ನುತ್ತಿದ್ದರಲ್ಲ, ಅವರ ಕೈಯಲ್ಲಿನ ಪೆನ್ನು ನಡುಗುತ್ತಿತ್ತು.

ತಮ್ಮ ವರದಿಯ ಬೆಲ್ಲದ ಭಾಗವನ್ನು ನನ್ನ ಕೈಯಲ್ಲಿ ಕನ್ನಡ ಮಾಡಿಸಿ ಅಮ್ಮನಿಗೆ ಓದಿ ಹೇಳಿಸಿದರು. ಎಲ್ಲ ಕೇಳಿ ಅಮ್ಮ, "ನನ್ ಎಸ್ರೇ ಇಲ್ವಲ್ಲ" ಎಂದಳು. "ಟ್ಯೂಬಿನ ಮೇಲೆ ಹೆಸರು ಬರೆಯಲ್ಲ ನಾವು" ಎಂದರು ಡಾಕ್ಟರಮ್ಮ. ಅಮ್ಮನಿಗೆ ಸಮಾಧಾನ ಆಗಲಿಲ್ಲ. ಆದರೂ ಅವರಿಗೆ ಒಂದು ಅಚ್ಚು ಬೆಲ್ಲ ಕಟ್ಟಿ ಕೊಟ್ಟಳು.

ಎಂಬತ್ತರ ದಶಕ ಕೊನೆಯಾಗುವ ಹೊತ್ತಿಗೆ ಅವರು ನಿವೃತ್ತರಾಗಿ ತಮ್ಮನ ಮನೆಯಲ್ಲಿದ್ದರು. ನೆನಪು ಒಂದೊಂದಾಗಿ ಕಳಚಿಕೊಳ್ಳುತ್ತಿದೆ, ಯಾರ ಗುರುತೂ ಹತ್ತುತ್ತಿಲ್ಲ ಎಂದು ಸುದ್ದಿ ಬಂತು. ನೋಡಲು ಹೊರಟ ದಿನ ಬೆಳಗ್ಗೆ ನಾನು ಅಣ್ಣನ ಮನೆಗೆ ಹೋದೆ. ಅವನು ತನ್ನ ಮಗಳಿಗೆ ಜಡೆ ಹಾಕುತ್ತಿದ್ದ. "ಆಮೇಲೆ ನನಗೂ ಹಾಕು" ಎಂದೆ. ಯಾಕೆ ಎಂದು ಕೇಳಲಿಲ್ಲ ಅವನು. ಅತ್ತಿಗೆ ನಗುತ್ತ ಮಣೆ ತಂದಿಟ್ಟಳು. ಕೂದಲು ತೆಳ್ಳಗಾಗಿದೆ ಎಂದು ಗೊಣಗುತ್ತ ನಾಲ್ಕೆಳೆಯ ಜಡೆ ಹಾಕಿ ಕಳಿಸಿದ.

ಅವರು ವರಾಂಡದ ಬಿಸಿಲಲ್ಲಿ ಕುರ್ಚಿಯ ಮೇಲೆ ಕುಳಿತಿದ್ದರು. ಮುಖ ಸಣ್ಣದಾಗಿತ್ತು. ನನ್ನನ್ನು ನೋಡಿ ಯಾರೋ ಎಂಬಂತೆ ಮುಗುಳ್ನಕ್ಕರು. ಹೆಸರು ಹೇಳಿದೆ, ಪೀಣ್ಯ ಎಂದೆ, ಲ್ಯಾಬು ಎಂದೆ. ಯಾವುದೂ ಒಳಗೆ ಇಳಿಯಲಿಲ್ಲ. ಆಮೇಲೆ ಅವರೇ, "ಮೆಜೆಸ್ಟಿಕ್ಕಲ್ಲಿ ಒಬ್ಬ ಬಸ್ಸು ಹತ್ತಿದ..." ಎಂದು ಶುರುಮಾಡಿದರು. ಅಲ್ಲಿಗೇ ನಿಂತುಹೋಯಿತು. ಮುಂದಿನದು ಸಿಗದೆ ತುಟಿ ಅಲುಗಾಡುತ್ತಿತ್ತು. ನಾನು ಮುಂದುವರಿಸಿದೆ, ಮುಂದೆ ನಡೀರಿ, ಮುಂದೆ ನಡೀರಿ ಎಂದು ಕಂಡಕ್ಟರನ ಹಾಗೆ ಕೂಗಿದೆ. ಅವರು ಕೊನೆ ಬರುವ ಮೊದಲೇ ನಕ್ಕುಬಿಟ್ಟರು. ಆ ಜೋಕಿಗೆ ಜೀವನದಲ್ಲಿ ಮೊದಲ ಸಲ ನನಗೂ ನಗು ಬಂತು. ನಾನು ನಕ್ಕ ಕೂಡಲೇ ಅವರ ತಲೆ ಎಡಕ್ಕೆ ವಾಲಿತು.

ಅಳು ಬಂದು ನಾನು ಮುಖ ತಿರುಗಿಸಿಕೊಂಡೆ. ಆಗ ಬೆನ್ನ ಮೇಲೆ ಅವರ ಕೈ ತಗುಲಿತು. ಜಡೆಯನ್ನು ಎತ್ತಿಕೊಂಡರು. ಮೇಲಿನಿಂದ ಕೆಳಗೆ, ಒಂದೊಂದೇ ಹೆಣಿಗೆಯನ್ನು ಹೆಬ್ಬೆರಳಿನಿಂದ ಒತ್ತುತ್ತ ಬಂದರು. ಆತುರವೇ ಇರಲಿಲ್ಲ. ತುದಿಯ ರಿಬ್ಬನ್ನಿನವರೆಗೂ ಬಂದು, "ಯಾರು ಹಾಕಿದ್ದು?" ಎಂದರು.

"ಅಣ್ಣ, ಮೇಡಂ."

"ಬಿಗಿ ಇದೆ" ಎಂದರು. "ಇನ್ನು ಔಷಧಿ ನಿಲ್ಲಿಸಬಹುದು."

ಎರಡು ತಿಂಗಳ ನಂತರ ಅವರು ಹೋದರು. ಸುದ್ದಿ ಬಂದದ್ದು ಒಂದು ಸೋಮವಾರ ಬೆಳಗ್ಗೆ. ನಾನೂ ಅಣ್ಣನೂ ಹೋದೆವು. ಸಾಲು ಸಣ್ಣದಿತ್ತು. ನಮ್ಮ ಸರದಿ ಬಂದಾಗ ಅಣ್ಣ ಹಿತ್ತಲಿಗೆ ಹೋಗಿ ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದುಕೊಂಡು ಬಂದ. ಆಮೇಲೆ ಬಲಗೈಯಿಂದ ಅವರ ಪಾದ ಮುಟ್ಟಿದ.